ಮಾಗಡಿ ರಸ್ತೆಯ ಸೂರು, ಕಾನೂನಿನ ದಾರಿ

1975ರಲ್ಲಿ ಕರ್ನಾಟಕದ ಬಡವರ ಮಟ್ಟಿಗೆ ಎರಡು ದೊಡ್ಡ ಸಂಗತಿಗಳು ನಡೆದವು. ಎರಡು ವರ್ಷ ಮುಂಚೆ, 1973ರಲ್ಲಿ, ಆಗಿದ್ದ ಕೊಳಚೆ ಪ್ರದೇಶಗಳ ಅಭಿವೃದ್ಧಿ ಮತ್ತು ನಿರ್ಮೂಲನ ಕಾಯ್ದೆಯನ್ನು ಜಾರಿ ಮಾಡಲು ಕೊಳಚೆ ನಿರ್ಮೂಲನ ಮಂಡಳಿ ಹುಟ್ಟಿಕೊಂಡಿತು. 1975ರಲ್ಲೇ ಭಿಕ್ಷಾಟನೆ ನಿಷೇಧ ಕಾಯ್ದೆಯೂ ಬಂತು. ಎರಡನ್ನೂ ತಂದದ್ದು ದೇವರಾಜ ಅರಸು ಅವರ ಸರ್ಕಾರವೇ. ಗುಡಿಸಲು ಕಟ್ಟಿಕೊಂಡಿದ್ದವರಿಗೆ ನೀರು, ಚರಂಡಿ, ಪಕ್ಕಾ ಮನೆ ಕೊಡುವ ಮಾತನ್ನು ಮೊದಲ ಕಾನೂನು ಆಡಿತು. ಗುಡಿಸಲೂ ಇಲ್ಲದೆ ಬೀದಿಯಲ್ಲಿ ಮಲಗುವವರನ್ನು ಹಿಡಿದು ತರುವ ಅಧಿಕಾರವನ್ನು ಎರಡನೆಯದು ಪೊಲೀಸರಿಗೆ ಕೊಟ್ಟಿತು. ಪಶ್ಚಿಮ ಬೆಂಗಳೂರಿನಲ್ಲಿ ಸೂರಿಗಾಗಿ ನಡೆದ ಕಾನೂನು ಹೋರಾಟದ ಐದು ದಶಕಗಳು ಈ ಎರಡು ಕಾನೂನುಗಳ ನಡುವೆಯೇ ಕಳೆದಿವೆ. ಸೂರಿಲ್ಲದವರನ್ನು ಆರೋಪಿಯ ಜಾಗದಿಂದ ಎಬ್ಬಿಸಿ ಅರ್ಜಿದಾರರ ಜಾಗದಲ್ಲಿ ನಿಲ್ಲಿಸುವುದೇ ಆ ಹೋರಾಟದ ತಿರುಳು ಎಂದು ನಾನು ನಂಬಿದ್ದೇನೆ.

ಪಶ್ಚಿಮ ಬೆಂಗಳೂರಿನಲ್ಲಿ ಸೂರು ಸರ್ಕಾರದ ಹೊಣೆಯಾದದ್ದು ಸ್ವಾತಂತ್ರ್ಯ ಬಂದ ಹೊಸತರಲ್ಲಿ. ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿ ಅವರ ಹೆಸರು ಹೊತ್ತು ರಾಜಾಜಿನಗರ ಎದ್ದಿತು. 1949ರಲ್ಲಿ ಮೈಸೂರು ಕಾರ್ಮಿಕ ವಸತಿ ಕಾಯ್ದೆ ಬಂತು. ಗಿರಣಿ ಮತ್ತು ಕಾರ್ಖಾನೆಗಳ ಕಾರ್ಮಿಕರಿಗೆ ಬಾಡಿಗೆ ಮನೆ ಕಟ್ಟಿಕೊಡುವುದು ಸರ್ಕಾರದ ಕೆಲಸ ಎಂದು ಒಪ್ಪಿದ ಕಾನೂನು ಅದು. ಹಾಜರಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಮನೆ ಕೇಳುವ ಹಕ್ಕು ಸಿಕ್ಕಿತು. ಆದರೆ ಆ ಬಡಾವಣೆಯನ್ನು ಕಟ್ಟಿದ ಗಾರೆಯವರು, ಜಲ್ಲಿ ಹೊತ್ತ ಹೆಂಗಸರು, ಮಾರುಕಟ್ಟೆಯ ಹಮಾಲರು ಯಾವ ಹಾಜರಿ ಪುಸ್ತಕದಲ್ಲೂ ಇರಲಿಲ್ಲ. ಅವರು ರೈಲು ಹಳಿಯ ಪಕ್ಕ, ರಾಜಕಾಲುವೆಯ ದಂಡೆ, ಕೆರೆಯಂಗಳ, ಹೀಗೆ ಸಿಕ್ಕ ಜಾಗದಲ್ಲಿ ಜೋಪಡಿ ಹಾಕಿಕೊಂಡರು. ಅದೂ ಸಿಗದವರಿಗೆ ಅಂಗಡಿ ಬಾಗಿಲು ಹಾಕಿದ ಮೇಲೆ ಸಿಗುವ ಜಗಲಿಯೇ ಗತಿಯಾಯಿತು.

ಜಗಲಿಯಲ್ಲಿ ಮಲಗುವವರಿಗೆ ಸಂಸ್ಥಾನದ ಕಾಲದಲ್ಲೇ ಒಂದು ವ್ಯವಸ್ಥೆ ಆಗಿತ್ತು. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಮೈಸೂರು ಸಂಸ್ಥಾನ ಭಿಕ್ಷಾಟನೆ ನಿಷೇಧ ಕಾಯ್ದೆ ಮಾಡಿತು. ಜಯಚಾಮರಾಜ ಒಡೆಯರ್ ಆಗ ಮಹಾರಾಜರು, ಎನ್. ಮಾಧವರಾವ್ ದಿವಾನರು. ಆ ಕಾಯ್ದೆಯ ಫಲವಾಗಿ 1940ರ ದಶಕದಲ್ಲಿ ಮಾಗಡಿ ರಸ್ತೆಯ ಆಚೆ, ಆಗಿನ್ನೂ ಊರ ಹೊರಗಿದ್ದ ನೂರಾರು ಎಕರೆ ಜಮೀನಿನಲ್ಲಿ, ನಿರಾಶ್ರಿತರ ಪರಿಹಾರ ಕೇಂದ್ರ ಬಂತು. ಬಸ್ಸಿನ ಕಂಡಕ್ಟರು, ಆಟೊದವರು, ಸುತ್ತಲಿನ ನಿವಾಸಿಗಳು ಎಲ್ಲರ ಬಾಯಲ್ಲೂ ಅದು ಬೆಗ್ಗರ್ಸ್ ಕಾಲೊನಿ. ಈಗ ಅದರ ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ಬಸವೇಶ್ವರನಗರ ಬೆಳೆದು ನಿಂತಿವೆ. ಊರು ಅದನ್ನು ದಾಟಿ ಮೈಲುಗಟ್ಟಲೆ ಹೋಗಿದೆ. ರಾಜ್ಯದಲ್ಲಿ ಇಂಥ 14 ಕೇಂದ್ರಗಳಿದ್ದು, ಹಿರಿದಾದದ್ದು ಇದೇ.

1975ರ ಕಾಯ್ದೆ ಸಂಸ್ಥಾನದ ಕಾಲದ ಚೌಕಟ್ಟನ್ನು ಉಳಿಸಿಕೊಂಡು ಇಡೀ ರಾಜ್ಯಕ್ಕೆ ಹರಡಿತು. ಅದರ ಎರಡನೇ ಪ್ರಕರಣದಲ್ಲಿ ಭಿಕ್ಷುಕ ಎಂದರೆ ಯಾರು ಎಂಬ ವ್ಯಾಖ್ಯೆ ಇದೆ. ಕೈಚಾಚಿ ಬೇಡುವವರು, ಹಾಡು, ಕುಣಿತ, ಕಣಿ ಹೇಳುವ ನೆಪದಲ್ಲಿ ಬೇಡುವವರು, ಹುಣ್ಣು ಗಾಯ ತೋರಿಸಿ ಬೇಡುವವರು ಇವರೆಲ್ಲ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಧಾರ್ಮಿಕ ಭಿಕ್ಷುಗಳಿಗೆ ಪರವಾನಗಿಯ ಮೇಲೆ ವಿನಾಯಿತಿ ಇದೆ. ಇಷ್ಟಕ್ಕೇ ನಿಂತಿದ್ದರೆ ಅದನ್ನು ಭಿಕ್ಷೆಯ ಕಾನೂನು ಎನ್ನಬಹುದಿತ್ತು. ಆದರೆ ಜೀವನೋಪಾಯಕ್ಕೆ ಕಣ್ಣಿಗೆ ಕಾಣುವ ದಾರಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ಅಲೆಯುತ್ತಿರುವ, ಅಥವಾ ಅಲ್ಲೇ ಇರುವ, ಬೇಡಿಯೇ ಬದುಕುತ್ತಿರಬಹುದು ಎಂದು ನೋಡಿದವರಿಗೆ ಅನಿಸುವಂಥ ಸ್ಥಿತಿಯಲ್ಲಿರುವ ವ್ಯಕ್ತಿಯೂ ಅಲ್ಲಿ ಸೇರಿದ್ದಾನೆ. ಅಂಥವನು ಯಾರ ಮುಂದೂ ಕೈಚಾಚಿರಬೇಕಿಲ್ಲ. ಬಟ್ಟೆ ಕೊಳೆಯಾಗಿದ್ದು, ಕೈಯಲ್ಲಿ ಒಂದು ಗಂಟಿದ್ದು, ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿದ್ದರೆ ಸಾಕು. ಬೆಳಗ್ಗೆ ನಾಲ್ಕಕ್ಕೆ ಮಾರುಕಟ್ಟೆಗೆ ಹೋಗಿ ಮೂಟೆ ಇಳಿಸಬೇಕಾದ ಕೂಲಿಯವನು ರಾತ್ರಿ ಕಾಣುವುದು ಹಾಗೆಯೇ. ಹೀಗೆ ಮನೆ ಇಲ್ಲದಿರುವುದು, ಅದೊಂದೇ ಕಾರಣಕ್ಕೆ, ಬಂಧನಕ್ಕೆ ಸಾಕಾಗುವ ಸಂಗತಿಯಾಯಿತು.

ಕಾಯ್ದೆಯ 11ನೇ ಪ್ರಕರಣ ವಾರಂಟ್ ಇಲ್ಲದೆ ಹಿಡಿಯಲು ಬಿಡುತ್ತದೆ. 12ನೆಯದು ಹಿಡಿದವರ ಬಗ್ಗೆ ವಿಚಾರಣೆ ನಡೆಸಬೇಕು ಎನ್ನುತ್ತದೆ. ಭಿಕ್ಷುಕ ಎಂದು ತೀರ್ಮಾನವಾದರೆ ಒಂದು ವರ್ಷದಿಂದ ಮೂರು ವರ್ಷದವರೆಗೆ ಕೇಂದ್ರದಲ್ಲಿ ಇರಿಸಬಹುದು. ಸಣ್ಣ ಕಳವು ಮಾಡಿದವನಿಗೆ ಸಿಗುವ ಶಿಕ್ಷೆಗೆ ಇದು ಕಡಿಮೆಯೇನಲ್ಲ. ಆದರೆ ಕಳ್ಳನ ಪರ ವಾದಿಸಲು ವಕೀಲರು ಇರುತ್ತಾರೆ, ಜಾಮೀನು ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರಲ್ಲಿ ಜಾರಿಗೆ ಬಂದ ಮೇಲೆ ಹೆಂಗಸರು, ಅಂಗವಿಕಲರು, ಪರಿಶಿಷ್ಟರು, ಬಂಧನದಲ್ಲಿರುವವರು ಎಲ್ಲರಿಗೂ ಉಚಿತ ವಕೀಲರ ನೆರವು ಪಡೆಯುವ ಹಕ್ಕು ಬಂತು. ಮಾಗಡಿ ರಸ್ತೆಯ ಕೇಂದ್ರದೊಳಗೆ ಇರುವವರಲ್ಲಿ ಈ ಪಟ್ಟಿಗೆ ಸೇರದವರು ಬಹಳ ಕಡಿಮೆ. ಹಕ್ಕಿರುವುದು ಅವರಿಗೆ ಗೊತ್ತಾಗುವುದು ಮಾತ್ರ ಯಾರಾದರೂ ಒಳಗೆ ಹೋಗಿ ಹೇಳಿದಾಗ.

ಭಿಕ್ಷಾಟನೆ ನಿಷೇಧ ಕಾಯ್ದೆ ನಮ್ಮೆಲ್ಲರ ಮನೆಗೂ ಬಂದಿದೆ. ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿದರೆ ಅದರಲ್ಲಿ ಭಿಕ್ಷುಕರ ಕರ ಎಂಬ ಬಾಬು ಕಾಣುತ್ತದೆ. ತೆರಿಗೆಯ ಶೇ 3ರಷ್ಟನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿ, ಪರಿಹಾರ ಕೇಂದ್ರಗಳನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ ಕೊಡಬೇಕು. ಈ ಹಣ ಪೂರ್ತಿಯಾಗಿ, ಸಕಾಲಕ್ಕೆ ಸಮಿತಿಯ ಕೈಸೇರದ ಬಗ್ಗೆ ವರ್ಷವರ್ಷವೂ ತಕರಾರು ಎದ್ದಿದೆ. ರಾಜಾಜಿನಗರದ ಮನೆಯೊಡೆಯರೊಬ್ಬರು ಕಟ್ಟಿದ ಕರದ ಹಣ ಕೆಲವೇ ಕಿಲೋಮೀಟರ್ ಆಚೆ ಇರುವ ಕೇಂದ್ರದ ಅಡುಗೆಮನೆ ಮುಟ್ಟಲು ಕಚೇರಿಯಿಂದ ಕಚೇರಿಗೆ ಪತ್ರ ಬರೆಯಬೇಕಾಯಿತು ಎಂಬುದು ನೋವಿನ ವಿಚಾರ.

ಅದೇ ಮಾಗಡಿ ರಸ್ತೆಯಲ್ಲಿ, ಕೇಂದ್ರದ ನೆರೆಯಲ್ಲೇ, ಬೇರೊಂದು ಬಗೆಯ ಸೂರೂ ಇದೆ. 1970ರ ದಶಕದ ಕೊನೆಗೆ ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯ ಸರ್ಕಾರದ ಜಮೀನಿನಲ್ಲಿ ಕುಷ್ಠರೋಗಕ್ಕೆ ತುತ್ತಾದವರಿಗಾಗಿ ಸುಮನಹಳ್ಳಿ ಸಂಸ್ಥೆಯನ್ನು ಕಟ್ಟಿತು. ಚಿಕಿತ್ಸೆ, ಚರ್ಮದ ಕೆಲಸ ಮತ್ತು ಹೊಲಿಗೆಯ ತರಬೇತಿ, ಸಂಸಾರ ಹೂಡಲು ಮನೆ ಎಲ್ಲವೂ ಅಲ್ಲಿ ಸಿಕ್ಕವು. ಇಂದಿನ ಸುಮನಹಳ್ಳಿ ಜಂಕ್ಷನ್ನಿಗೆ ಹೆಸರು ಬಂದದ್ದು ಆ ಸಂಸ್ಥೆಯಿಂದಲೇ. ಸಮಾಜ ದೂರವಿಟ್ಟವರನ್ನು ಬಂಧಿಸದೆಯೂ ಆರೈಕೆ ಮಾಡಬಹುದು ಎಂದು ತೋರಿಸಲು ಅಧಿಕಾರಿಗಳು ದೂರದೇಶಕ್ಕೆ ಹೋಗಬೇಕಾಗಿರಲಿಲ್ಲ.

ಇನ್ನು ಗುಡಿಸಲು ಇದ್ದವರ ಕಥೆ. 1973ರ ಕಾಯ್ದೆಯ ಮೂರನೇ ಪ್ರಕರಣದ ಪ್ರಕಾರ ಒಂದು ಪ್ರದೇಶವನ್ನು ಕೊಳಚೆ ಪ್ರದೇಶ ಎಂದು ಘೋಷಿಸಿ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು. ಘೋಷಣೆ ಆಯಿತೆಂದರೆ ನಲ್ಲಿ, ಬೀದಿದೀಪ, ಶೌಚಾಲಯ ಕೇಳುವುದಕ್ಕೆ ಆಧಾರ ಸಿಗುತ್ತದೆ. ಒಕ್ಕಲೆಬ್ಬಿಸಲು ಬಂದವರನ್ನು ತಡೆಯುವುದಕ್ಕೂ ಒಂದು ಕಾಗದ ಕೈಯಲ್ಲಿರುತ್ತದೆ. ಆಗದಿದ್ದರೆ ಅಲ್ಲಿನವರು ಸರ್ಕಾರದ ಕಣ್ಣಿಗೆ ಬರೀ ಒತ್ತುವರಿದಾರರು. 1974ರ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ಅವರನ್ನು ಎಬ್ಬಿಸಬಹುದು. ಹೀಗಾಗಿ ಕೊಳೆಗೇರಿ ಸಂಘಗಳ ಮೊದಲ ಹೋರಾಟವೆಲ್ಲ ಘೋಷಣೆಗಾಗಿಯೇ ನಡೆಯಿತು.

ಅದೇ 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಉಳುವವನೇ ಹೊಲದೊಡೆಯನಾದ. ಹಳ್ಳಿಯ ಗೇಣಿದಾರ ನಮೂನೆ 7ನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ಹೋಗಿ, ಈ ನೆಲ ನನ್ನದು ಎಂದು ಕೇಳಬಹುದಾಗಿತ್ತು. ಜಮೀನ್ದಾರನಿಗೆ ಎದುರಾಗಿ ನಿಲ್ಲಲು ಅವನಿಗೆ ಒಂದು ಹಾಳೆ ಸಾಕಾಯಿತು. ಅದೇ ಗೇಣಿದಾರನ ತಮ್ಮ ಬರಗಾಲಕ್ಕೆ ಊರು ಬಿಟ್ಟು ಬೆಂಗಳೂರಿಗೆ ಬಂದು ಕಾಲುವೆ ದಂಡೆಯಲ್ಲಿ ಗುಡಿಸಲು ಹಾಕಿದ್ದರೆ ಅವನಿಗೆ ತುಂಬಲು ಯಾವ ನಮೂನೆಯೂ ಇರಲಿಲ್ಲ. ತಾನಿರುವ ಜಾಗವನ್ನು ಕೊಳಚೆ ಎಂದು ಬೇರೆಯವರು ಘೋಷಿಸುವವರೆಗೂ ಅವನು ಕಾಯಬೇಕಿತ್ತು. ಅರಸು ಕಾಲದ ಸುಧಾರಣೆಗಳನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ನಗರದ ಬಡವರಿಗೆ ಆ ಒಂದು ಹಾಳೆ ಸಿಗದೇ ಹೋದದ್ದು ಅದೇ ಗೌರವದ ಕಾರಣಕ್ಕೆ ಹೆಚ್ಚು ಕಾಡುತ್ತದೆ.

ಕೊಳೆಗೇರಿಯ ಯಾವುದೇ ಮನೆಗೆ ಹೋಗಿ ಕಾಗದಪತ್ರ ತೋರಿಸಿ ಎಂದರೆ ಮಳೆಗೆ ನೆನೆಯದಂತೆ ಸೂರಿನ ತೊಲೆಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲವೊಂದು ಕೆಳಗೆ ಬರುತ್ತದೆ. ಅದರಲ್ಲಿ ಮಂಡಳಿಯ ಗುರುತಿನ ಚೀಟಿ, ಹಳೆಯ ಪಡಿತರ ಚೀಟಿ, ವಿದ್ಯುತ್ ಬಿಲ್ಲು, ಮತದಾರರ ಚೀಟಿ, ಮಗುವಿನ ಶಾಲೆಯ ವರ್ಗಾವಣೆ ಪತ್ರ, ಎಂದೋ ಯಾವುದೋ ಶಾಸಕರಿಗೆ ಕೊಟ್ಟ ಮನವಿಯ ನಕಲು ಇರುತ್ತವೆ. ಹಕ್ಕುಪತ್ರ ಮಾತ್ರ ಬಹುತೇಕ ಇರುವುದಿಲ್ಲ. ಕೊಳೆಗೇರಿ ಪರ ವಕಾಲತ್ತು ಎಂದರೆ ಮೊದಲಿಗೆ ಈ ಚೀಲದ ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸುವ ಕೆಲಸ. ಬೆಂಕಿ ಬಿದ್ದಾಗ, ಕಾಲುವೆ ಉಕ್ಕಿದಾಗ ಪಾತ್ರೆ ಹೋದರೂ ಹೋಗಲಿ ಎಂದು ತಾಯಂದಿರು ಆ ಚೀಲವನ್ನು ಎದೆಗವಚಿ ಹೊರಗೆ ಓಡಿ ಬರುತ್ತಾರೆ. ನೆರೆಯಲ್ಲಿ ಕಾಗದ ಕಳೆದುಕೊಂಡ ಮನೆಯವರು ಆ ಜಾಗದಲ್ಲಿ ಇಪ್ಪತ್ತು ವರ್ಷ ಬಾಳಿದ್ದಕ್ಕೆ ಪುರಾವೆಯನ್ನೇ ಕಳೆದುಕೊಂಡ ಹಾಗೆ.

1985ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಓಲ್ಗಾ ಟೆಲಿಸ್ ಪ್ರಕರಣದ ತೀರ್ಪು ಕೊಟ್ಟಿತು. 1981ರಲ್ಲಿ ಮುಂಬೈಯ ಫುಟ್‌ಪಾತ್ ನಿವಾಸಿಗಳನ್ನು ಎತ್ತಂಗಡಿ ಮಾಡಲು ಹೊರಟಾಗ ಹುಟ್ಟಿದ ಮೊಕದ್ದಮೆ ಅದು. ಬದುಕುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ, ಕೆಲಸದ ಹತ್ತಿರವೇ ಮಲಗುವವನನ್ನು ಅಲ್ಲಿಂದ ಎಬ್ಬಿಸಿದರೆ ಅವನ ಅನ್ನವನ್ನೇ ಕಿತ್ತುಕೊಂಡಂತೆ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ ಮಳೆಗಾಲ ಮುಗಿದ ಮೇಲೆ ತೆರವು ಮಾಡಬಹುದು ಎಂದೂ ಅದೇ ತೀರ್ಪು ಅವಕಾಶ ಕೊಟ್ಟಿತು. ಬೆಂಗಳೂರಿನ ವಕೀಲರು ಅದರ ಎರಡೂ ಭಾಗಗಳೊಂದಿಗೆ ಏಗುತ್ತ ಬಂದಿದ್ದಾರೆ. ನೋಟಿಸ್ ಕೊಟ್ಟಿರಾ, ಅಹವಾಲು ಕೇಳಿದಿರಾ, ಬೇರೆ ಜಾಗ ತೋರಿಸಿದಿರಾ ಎಂಬ ಪ್ರಶ್ನೆಗಳು ಅಂದಿನಿಂದ ತಡೆಯಾಜ್ಞೆ ಅರ್ಜಿಗಳ ಬೆನ್ನೆಲುಬಾದವು.

ಈ ಪ್ರಶ್ನೆಗಳನ್ನು ಕೇಳುವವರೂ ನಿಧಾನವಾಗಿ ಹೆಚ್ಚಿದರು. ರೂತ್ ಮನೋರಮಾ ಅವರ ವಿಮೆನ್ಸ್ ವಾಯ್ಸ್ 1985ರಿಂದ ಕೊಳೆಗೇರಿಯ ಹೆಂಗಸರನ್ನು, ಮನೆಗೆಲಸದವರನ್ನು ಒಗ್ಗೂಡಿಸಿತು. 2000ದಲ್ಲಿ ಆಲ್ಟರ್ನೇಟಿವ್ ಲಾ ಫೋರಂ ಶುರುವಾಯಿತು. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿ ಬಂದ ಯುವ ವಕೀಲರೂ ಅದರಲ್ಲಿದ್ದರು. ದೊಡ್ಡ ಕಂಪನಿಗಳ ಕೆಲಸಕ್ಕೆ ಹೋಗಬಹುದಾಗಿದ್ದವರು ಬೀದಿ ವ್ಯಾಪಾರಿಗಳ, ಗುಡಿಸಲು ನಿವಾಸಿಗಳ, ಲೈಂಗಿಕ ಅಲ್ಪಸಂಖ್ಯಾತರ ಮೊಕದ್ದಮೆ ಹಿಡಿದರು. ಐಸಾಕ್ ಅರುಳ್ ಸೆಲ್ವ ಅವರ ‘ಸ್ಲಂ ಜಗತ್ತು’ ಮಾಸಪತ್ರಿಕೆ ಕೊಳೆಗೇರಿಯವರೇ ಬರೆದು ಕೊಳೆಗೇರಿಯವರೇ ಓದುವ ಕನ್ನಡ ಪತ್ರಿಕೆಯಾಯಿತು. ಸರ್ಕಾರಿ ಆದೇಶದಲ್ಲಿ ಏನಿದೆ ಎಂಬುದು ಗಲ್ಲಿಗೆ ತಲುಪಿದ್ದು ಇಂಥವರ ಕೈಯಿಂದ. ಎ. ನರಸಿಂಹಮೂರ್ತಿ ಅವರ ನೇತೃತ್ವದ ಸ್ಲಂ ಜನಾಂದೋಲನ ಈ ಬೇಡಿಕೆಗಳನ್ನು ಜಿಲ್ಲೆಜಿಲ್ಲೆಗೂ ಒಯ್ದಿತು. ಶೇಷಾದ್ರಿಪುರದ ಮಂಡಳಿ ಕಚೇರಿಯ ಮೆಟ್ಟಿಲುಗಳು ಇವರೆಲ್ಲರ ಧರಣಿಗಳನ್ನು ಕಂಡಿವೆ. ಮಂಡಳಿಯ ಹೆಸರಿನಿಂದ ‘ನಿರ್ಮೂಲನ’ ಹೋಗಿ ‘ಅಭಿವೃದ್ಧಿ’ ಬಂದ ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು.

ಎಲ್ಲ ಕಡೆ ಗೆಲುವಾಗಲಿಲ್ಲ. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿಗೃಹಗಳ ಜಾಗದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಚಳಿಯಲ್ಲಿ ಹೊರಹಾಕಿದಾಗ ಕಾನೂನು ಅವರ ಕೈಹಿಡಿಯಲಿಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಗುಡಿಸಲುಗಳನ್ನು ಬಾಂಗ್ಲಾದೇಶಿಗಳದ್ದೆಂಬ ಪುಕಾರಿನ ಮೇಲೆ ಕೆಡವಿದಾಗ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರೂ ಇದ್ದರು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಆ ಕ್ರಮ ಕಾನೂನುಬಾಹಿರ ಎಂದಿತು, ಪುನರ್ವಸತಿಯ ಮಾತನ್ನೂ ಎತ್ತಿತು. ಈ ಎರಡೂ ಘಟನೆಗಳು ಊರಿನ ಆಚೆ ದಿಕ್ಕಿನಲ್ಲಿ ನಡೆದವು. ಆದರೂ ಲಗ್ಗೆರೆಯಿಂದ ಕೆಂಗೇರಿವರೆಗೆ ಗುಡಿಸಲುಗಳಲ್ಲಿ ಇರುವವರಿಗೆ ಈ ಎರಡು ಹೆಸರುಗಳು ಗೊತ್ತು.

ಮಾಗಡಿ ರಸ್ತೆಗೆ ಬಂದ ಕರಾಳ ವರ್ಷ 2010. ಆಗಸ್ಟ್ ತಿಂಗಳ ನಡುವೆ ಒಂದೇ ವಾರದಲ್ಲಿ ಪರಿಹಾರ ಕೇಂದ್ರದ ಇಪ್ಪತ್ತಕ್ಕೂ ಹೆಚ್ಚು ನಿವಾಸಿಗಳು ಸತ್ತರು. ವಾಂತಿ ಭೇದಿ, ನಿತ್ರಾಣ, ಕಿಕ್ಕಿರಿದ ಕೊಠಡಿಗಳ ವರದಿಗಳು ಬಂದವು. ಪತ್ರಿಕೆಗಳು ಲೆಕ್ಕ ತೆಗೆದಾಗ ಆ ವರ್ಷದ ಮೊದಲ ಎಂಟು ತಿಂಗಳಲ್ಲಿ ಸತ್ತವರು 280ಕ್ಕೂ ಹೆಚ್ಚು ಎಂದು ತಿಳಿಯಿತು. ಅಷ್ಟೂ ದಿನ ಒಬ್ಬೊಬ್ಬರಾಗಿ ಹೋಗುತ್ತಿದ್ದವರ ಬಗ್ಗೆ ಕೇಳುವವರು ಇರಲಿಲ್ಲ, ಏಕೆಂದರೆ ಶವ ಪಡೆಯಲು ಬರುವ ನೆಂಟರೇ ಇರಲಿಲ್ಲ. ಇದೇ ಹೊತ್ತಿಗೆ ಕೇಂದ್ರದ ಜಮೀನನ್ನು ಬೇರೆ ಉದ್ದೇಶಕ್ಕೆ ಕೊಡುವ ಪ್ರಸ್ತಾಪವೂ ಬಯಲಾಗಿ ಜನ ಸಿಟ್ಟಾದರು. ಊರ ಹೊರಗಿನ ಜಮೀನು ಊರೊಳಗಾಗಿ ಚಿನ್ನದ ಬೆಲೆ ಪಡೆದಿತ್ತು. ಅದರ ಮೇಲೆ ಬದುಕುತ್ತಿದ್ದವರ ಬೆಲೆ ಏರಿರಲಿಲ್ಲ. ನನ್ನ ಮಟ್ಟಿಗೆ ಈ ಸಾವುಗಳು ಆಡಳಿತದ ಲೋಪವಷ್ಟೇ ಅಲ್ಲ. ವಕೀಲರಿಲ್ಲದ, ಹೊರಗಿನವರ ಕಣ್ಣು ಬೀಳದ ಬಂಧನ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅವು ಸಾಕ್ಷಿ. ಪ್ರವೇಶದ ದಿನವೇ ವೈದ್ಯರು ನೋಡಿದ್ದರೆ, ವಿಚಾರಣೆ ಎಂಬುದು ಕಾಗದದ ಮೇಲಿನ ಸಹಿಯಾಗದೆ ನಿಜಕ್ಕೂ ನಡೆದಿದ್ದರೆ, ಮನೆಗೆ ಕಳಿಸಬಹುದಾದವರನ್ನು ಕಳಿಸಿದ್ದರೆ ಅವರಲ್ಲಿ ಎಷ್ಟೋ ಮಂದಿ ಉಳಿಯುತ್ತಿದ್ದರು.

ಅದೇ 2010ರಲ್ಲಿ ಸುಪ್ರೀಂ ಕೋರ್ಟಿನಿಂದ ಬೇರೊಂದು ದಾರಿ ತೆರೆದಿತ್ತು. ಆಹಾರದ ಹಕ್ಕಿಗಾಗಿ ಪಿಯುಸಿಎಲ್ 2001ರಲ್ಲಿ ಹೂಡಿದ್ದ ದಾವೆಯಲ್ಲಿ, ದೆಹಲಿಯ ಚಳಿಗೆ ಬೀದಿಯಲ್ಲಿ ಜನ ಸಾಯುತ್ತಿರುವ ವಿಷಯವನ್ನು ನ್ಯಾಯಾಲಯದ ಆಯುಕ್ತರಾಗಿದ್ದ ಎನ್.ಸಿ. ಸಕ್ಸೇನಾ ಮತ್ತು ವಿಶೇಷ ಆಯುಕ್ತ ಹರ್ಷ್ ಮಂದರ್ ಮುಂದಿಟ್ಟರು. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷದ 365 ದಿನವೂ ಹಗಲು ರಾತ್ರಿ ತೆರೆದಿರುವ ಆಶ್ರಯತಾಣಗಳು ಬೇಕು ಎಂಬ ನಿಯಮ ಬಂದದ್ದು ಅಲ್ಲಿಂದ. 2013ರಲ್ಲಿ ನಗರ ಜೀವನೋಪಾಯ ಅಭಿಯಾನದಡಿ ಇದಕ್ಕೆ ಯೋಜನೆಯೂ ಹಣವೂ ಸಿಕ್ಕವು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಎಂದೂ ಅದು ಹೇಳಿತು. ಹಣ ಬಂದರೂ ತಾಣಗಳು ಏಳದಿದ್ದಾಗ ಇ.ಆರ್. ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಸಮಿತಿಯನ್ನು ನೇಮಿಸಿತು. 2011ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಆ ಲೆಕ್ಕಕ್ಕೆ 84 ತಾಣಗಳಾದರೂ ಇರಬೇಕಿತ್ತು. ಇದ್ದವು ಅದರ ಹತ್ತಿರಕ್ಕೂ ಬರಲಿಲ್ಲ.

ಬಂಧನದ ಸೂರಿಗೂ ಹಕ್ಕಿನ ಸೂರಿಗೂ ಇರುವ ಅಂತರ ಎಲ್ಲರ ಕಣ್ಣಿಗೆ ಬಿದ್ದದ್ದು 2014ರ ನವೆಂಬರ್ ಕೊನೆಯ ವಾರ. ಲಿಂಗತ್ವ ಅಲ್ಪಸಂಖ್ಯಾತರಿಗೆ ಘನತೆಯ ಬದುಕಿನ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ ಹೇಳಿ ಏಳು ತಿಂಗಳಾಗಿತ್ತಷ್ಟೇ. ಬೆಂಗಳೂರಿನ ಪೊಲೀಸರು ಅದೇ ಸಮುದಾಯದ 167 ಮಂದಿಯನ್ನು ಹಿಡಿದು ಮಾಗಡಿ ರಸ್ತೆಯ ಕೇಂದ್ರಕ್ಕೆ ತಂದರು. ಬೇಡದೇ ಇದ್ದವರನ್ನೂ, ದಾರಿಯಲ್ಲಿ ಹೋಗುತ್ತಿದ್ದವರನ್ನೂ ಹಿಡಿದರು ಎಂಬ ದೂರು ಎದ್ದಿತು. ಈ ಸಲ ಒಳಗಿದ್ದವರಿಗೆ ಸಂಘಟನೆ ಇತ್ತು, ಹೊರಗೆ ಸಂಗಾತಿಗಳಿದ್ದರು, ಕಾಯ್ದೆ ಓದಿಕೊಂಡ ವಕೀಲರಿದ್ದರು. ಗೇಟಿನ ಮುಂದೆ ಜನ ಸೇರಿದರು, 12ನೇ ಪ್ರಕರಣದ ವಿಚಾರಣೆ ನಡೆದಿದೆಯೇ ಎಂದು ಕೇಳಿದರು, ಪತ್ರಿಕೆಗಳು ಬರೆದವು. ಕೆಲವೇ ದಿನಗಳಲ್ಲಿ ಅವರೆಲ್ಲ ಹೊರಬಂದರು. ಪ್ರಶ್ನೆ ಕೇಳುವವರಿದ್ದರೆ ಅದೇ ಗೇಟು ಎಷ್ಟು ಬೇಗ ತೆರೆಯುತ್ತದೆ ಎಂಬುದನ್ನು ಆ ವಾರ ತೋರಿಸಿತು.

2018ರ ಆಗಸ್ಟ್ 8ರಂದು ದೆಹಲಿ ಹೈಕೋರ್ಟ್ ಹರ್ಷ್ ಮಂದರ್ ಪ್ರಕರಣದಲ್ಲಿ ಭಿಕ್ಷೆ ಬೇಡುವುದನ್ನು ಅಪರಾಧವಾಗಿಸಿದ್ದ ಕಲಮುಗಳನ್ನು ಅಲ್ಲಿನ ಮಟ್ಟಿಗೆ ರದ್ದುಮಾಡಿತು. ಅನ್ನ, ಬಟ್ಟೆ, ಸೂರು ಕೊಡುವ ಹೊಣೆಯನ್ನು ಪೂರೈಸದ ಪ್ರಭುತ್ವ ಅವು ಇಲ್ಲದವರನ್ನು ದಂಡಿಸುವುದು ಹೇಗೆ ಎಂಬುದು ಆ ತೀರ್ಪಿನ ಮೂಲ ಪ್ರಶ್ನೆ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ದೆಹಲಿಯ ಲಾಂಪುರ ಭಿಕ್ಷುಕರ ಗೃಹದಲ್ಲಿ 2000ದಲ್ಲಿ ಕಲುಷಿತ ನೀರಿನಿಂದ ಜನ ಸತ್ತ ಪ್ರಕರಣ ಅದು. ಇಂಥ ಗೃಹಗಳು ಸೆರೆಮನೆಯ ನೆರಳಾಗಿರಬಾರದು, ಪುನರ್ವಸತಿಯ ಜಾಗಗಳಾಗಬೇಕು ಎಂದು ಕೋರ್ಟು ಹೇಳಿತು. ಬಂದ 24 ಗಂಟೆಯೊಳಗೆ ವೈದ್ಯಕೀಯ ತಪಾಸಣೆ, ಕಾನೂನು ನೆರವು, ಹೊರಗಿನವರ ಮೇಲ್ವಿಚಾರಣೆ ಎಲ್ಲ ರಾಜ್ಯಗಳಿಗೂ ಅನ್ವಯಿಸಬೇಕು ಎಂದಿತು. ಅದಕ್ಕೂ ಹದಿನೈದು ವರ್ಷ ಹಿಂದೆ ಮಾಗಡಿ ರಸ್ತೆಯಲ್ಲಿ ಕೇಳಿಬಂದ ಬೇಡಿಕೆಗಳೂ ಇವೇ.

ಕರ್ನಾಟಕದ ಕಾಯ್ದೆಯ ಎರಡನೇ ಪ್ರಕರಣದಲ್ಲಿ ಆ ವ್ಯಾಖ್ಯೆ ಇನ್ನೂ ಹಾಗೇ ಇದೆ. ವಿಧಾನಮಂಡಲ ಅದನ್ನು ತೆಗೆಯಬಹುದು, ಇಲ್ಲವೇ ಹೈಕೋರ್ಟಿನ ಮುಂದೆ ಅದನ್ನು ಪ್ರಶ್ನಿಸಬಹುದು. ಎರಡೂ ಕೆಲಸಕ್ಕೆ ಬೇಕಾದ ದಾಖಲೆ, ಅನುಭವ, ವಾದ ಈ ಊರಿನ ವಕೀಲರ ಬಳಿ ಸಾಕಷ್ಟಿದೆ. ಮೆಟ್ರೊ 2015ರಲ್ಲಿ ಮಾಗಡಿ ರಸ್ತೆ, ವಿಜಯನಗರಕ್ಕೂ 2021ರಲ್ಲಿ ಕೆಂಗೇರಿಗೂ ಬಂದ ಮೇಲೆ ಅದರ ಕಂಬಗಳ ಕೆಳಗೆ ಮಲಗುವವರೂ ಬಂದಿದ್ದಾರೆ. ನಾವು ಕಟ್ಟುವ ಶೇ 3ರ ಕರ ಇಂದಿಗೂ ಭಿಕ್ಷಾಟನೆ ನಿಷೇಧ ಕಾಯ್ದೆಯ ಲೆಕ್ಕಕ್ಕೇ ಹೋಗುತ್ತದೆ. ಕಾಯ್ದೆಗೆ ತಿದ್ದುಪಡಿ ತಂದು ಆ ಹಣದಲ್ಲೇ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ ಹೆಂಗಸರಿಗೆ, ಸಂಸಾರವಂದಿಗರಿಗೆ, ಮುದುಕರಿಗೆ ಬೇರೆಬೇರೆಯಾಗಿ, ಬಾಗಿಲಿಗೆ ಬೀಗವಿಲ್ಲದ ಆಶ್ರಯತಾಣಗಳನ್ನು ತೆರೆಯಬಹುದು. ಅಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರು ವಾರಕ್ಕೊಮ್ಮೆ ಕುಳಿತು ಪಡಿತರ ಚೀಟಿ, ಪಿಂಚಣಿ, ವಸತಿ ಯೋಜನೆಯ ಅರ್ಜಿ ಬರೆಸಬೇಕು. ತೆರಿಗೆ ಕಟ್ಟುವವರು ತಮ್ಮ ವಾರ್ಡಿನ ಸಭೆಯಲ್ಲಿ ಈ ಹಣದ ಲೆಕ್ಕ ಕೇಳಲು ಶುರುಮಾಡಿದರೆ ಕೆಲಸ ಬೇಗ ಆಗುತ್ತದೆ.